ನಾಕು ಪಾಯಿಂಟು ಒಂದು

ಹಾಸನದಾಚೆ, ದುದ್ದ ರಸ್ತೆಯ ಶೀತಲ ಕೇಂದ್ರದಲ್ಲಿ
ಹನ್ನೊಂದು ವರ್ಷ ಫ್ಯಾಟು ನೋಡಿದವಳು ನಾನು.
ಗಾಜಿನ ಬುರುಡೆಗೆ ಆಸಿಡ್ಡು, ಮೇಲೆ ಹಾಲು,
ಹಳದಿ ಗೆರೆ ಕತ್ತಿನಲ್ಲಿ ಎಷ್ಟಕ್ಕೆ ನಿಂತಿತು ಅಂತ
ಬೆಳಕಿಗೆ ಹಿಡಿದು ಓದುವುದು.
ಎಡಗೈ ಹೆಬ್ಬೆರಳಿನ ಕಲೆ ಆ ಕಾಲದ್ದು.

ಆಮೇಲೆ ಮಹಡಿಗೆ ಹಾಕಿದರು. ‘ಡೇಟಾ ಟೀಮು’ ಅಂತ ಬೋರ್ಡು.
ಟೀಮು ಅಂದರೆ ನಾನು, ನಯಾಜ್,
ಮತ್ತೆ ಎಲ್ಲಕ್ಕೂ ಸಹಿ ಹಾಕುವ ಧರಣೇಂದ್ರಯ್ಯ.
ನೂರಾ ಎಂಟು ಸೊಸೈಟಿಯ ಲೆಕ್ಕ
ನಯಾಜ್ ಬರೆದ ಕೋಡಿನಲ್ಲಿ ಹರಿಯುತ್ತಿತ್ತು.
ಹರಿಯುವಾಗ ಚೆನ್ನ.
ನಿಂತರೆ ಅವನೇ ಬರಬೇಕು.
ಅವನ ನಿಕಾಹ್ ಮುಗಿದು ಅರ್ಧ ಗಂಟೆಯಾಗಿಲ್ಲ,
ಸೆಹ್ರಾ ಸರಿಸಿ ಫೋನಿನಲ್ಲಿ ಹೇಳಿಕೊಟ್ಟ:
‘ಅಕ್ಕಾ, ನಲವತ್ತೊಂದನೇ ಸಾಲು, ಒಂದು ಕಾಮಾ ಬಿಟ್ಟಿದೆ.’

ಹಾಗಾಗಿ, ಕೋಡೇ ಬೇಡದ ಸಲಕರಣೆ ಬಂದಾಗ
ಮೊದಲು ಕುರ್ಚಿ ಎಳೆದುಕೊಂಡವಳು ನಾನು.
ಬಣ್ಣಬಣ್ಣದ ಡಬ್ಬ. ಎಳೆ, ಬಿಡು, ಗೆರೆ ಜೋಡಿಸು.
ಫೋನಿನ ಮೆಸೇಜು ಇಲ್ಲಿ ಬೀಳಲಿ,
ಇಲ್ಲಿ ಸೋಸಲಿ, ಇಲ್ಲಿ ಗುಣಿಸಲಿ,
ಇಲ್ಲಿಂದ ಬ್ಯಾಂಕಿಗೆ.
ಪಿಯುಸಿ ಲೆಕ್ಕದಲ್ಲಿ ಎರಡು ಸಲ ಫೇಲಾದವಳು
ಶನಿವಾರ ಶುರುಮಾಡಿ ಮಂಗಳವಾರಕ್ಕೆ ಮುಗಿಸಿದೆ,
ಕ್ರೋಶಾ ಹಾಕಿದಷ್ಟೇ ಕಷ್ಟ.
ಕೊನೆಗೊಂದು ಹಸಿರು ಟಿಕ್ಕು.
ಅದರ ಫೋಟೊ ತೆಗೆದು ಅವ್ವನಿಗೆ ತೋರಿಸಿದೆ.
‘ಹಸಿರೇನೋ ಹೌದು,’ ಅಂದಳು. ‘ಏನೇ ಇದು?’

ನಾಲ್ಕು ತಿಂಗಳು ಹಸಿರು.
ನಯಾಜ್ ಸುಮ್ಮನಿದ್ದ. ಟೀ ಜಾಸ್ತಿ ಕುಡಿದ.

ಶ್ರಾವಣದಲ್ಲಿ ಗುಡ್ಡೇನಹಳ್ಳಿ ಮಹಿಳಾ ಸೊಸೈಟಿಯ
ಕೆಂಪಾಜಮ್ಮನಿಗೆ ಮೊಮ್ಮಗಳು ಹೊಸ ಫೋನು ಹೊಂದಿಸಿಕೊಟ್ಟಳು,
ಕೀಲಿಮಣೆ ಪೂರ್ತಿ ಕನ್ನಡ.
ಆಕೆ ಅಚ್ಚುಕಟ್ಟಾಗಿ ಒತ್ತಿದಳು:
೪.೧, ೩.೯, ೪.೩,
ಸ್ಲೇಟಿನ ಮೇಲೆ ತಿದ್ದಿ ಕಲಿತ ದುಂಡನೆಯ ಅಂಕಿ.
ನನ್ನ ಸೋಸುವ ಡಬ್ಬಕ್ಕೆ ಅದು ಅಂಕಿಯೇ ಅಲ್ಲ.
ಕೂಗಲಿಲ್ಲ, ಕೆಂಪಾಗಲಿಲ್ಲ,
ಬದಿಗಿಟ್ಟು ಮುಂದೆ ಹೋಯಿತು.
ಹಸಿರು ಟಿಕ್ಕು.

ವಾರದ ಬಟವಾಡೆ: ಅರವತ್ಮೂರು ಹೆಂಗಸರಿಗೆ ಸೊನ್ನೆ.

ಕೆಂಪಾಜಮ್ಮ ಬಸ್ಸಿಳಿದು ನೇರ ಮಹಡಿ ಹತ್ತಿದಳು.
ಬೈಯಲಿಲ್ಲ. ಫೋನು ಮೇಜಿನ ಮೇಲಿಟ್ಟು
‘ನಾಕು ಪಾಯಿಂಟು ಒಂದು,’ ಅಂದಳು.
‘ನೀವು ಇದ್ನ ಏನಂತ ಓದ್ಕಂಡ್ರವ್ವ?’

ಬಿಚ್ಚಿ ನೋಡೋಣವೆಂದರೆ ಡಬ್ಬಕ್ಕೆ ಮುಚ್ಚಳವೇ ಇಲ್ಲ.
ಮೂರು ಆಯ್ಕೆ, ಒಂದು ಸ್ವಿಚ್ಚು,
‘ಸಹಾಯಕ್ಕೆ ಬರೆಯಿರಿ’ ಅನ್ನುವ ಗುಂಡಿ.
ಬರೆದೆ. ಮೂರನೇ ದಿನಕ್ಕೆ ಉತ್ತರ:
ಮೇಲಿನ ದರ್ಜೆಯ ಚಂದಾ ಕಟ್ಟಿದರೆ
ಏನು ತಪ್ಪಿತು ಅನ್ನುವುದು ಕಾಣಿಸುತ್ತದಂತೆ.
ಬುರುಡೆಯ ಕತ್ತೂ ಗಾಜಿನದೇ ಆಗಿತ್ತು.
ಅದಕ್ಕೆ ಬೇರೆ ದುಡ್ಡು ಕೊಟ್ಟ ನೆನಪಿಲ್ಲ.

ನಯಾಜ್ ಹನ್ನೆರಡು ಸಾಲು ಬರೆದ,
೪ ಬಂದರೆ 4 ಅಂದುಕೋ ಅನ್ನುವಂಥದ್ದು,
ಡಬ್ಬದ ಹಿಂದೆ ಸಿಕ್ಕಿಸಿದ.
‘ಇದು ಕೆಟ್ಟರೆ ಯಾರನ್ನ ಕರೀಲಿ?’
‘ನನ್ನನ್ನೇ,’ ಅಂದು ನಕ್ಕ.
ಗೆದ್ದವನ ನಗು ಅನ್ನಿಸಿತು. ಇರಲಿಕ್ಕಿಲ್ಲ,
ಅವನ ಮಗುವಿಗೆ ಆಗ ಹಲ್ಲು ಬರುತ್ತಿತ್ತು, ನಿದ್ದೆಗೆಟ್ಟಿದ್ದ.

‘ಯಾವುದು ಇಟ್ಟುಕೊಳ್ಳೋಣ ವಿಶಾಲೂ?’ ಕೇಳಿದರು ಧರಣೇಂದ್ರಯ್ಯ,
ಸಹಿಯ ಪೆನ್ನು ತೆರೆದೇ.
ಏನು ಹೇಳಲಿ?
ಕೈಗೆ ಬಂದದ್ದೂ ಅದೇ, ಕೈ ಕೊಟ್ಟದ್ದೂ ಅದೇ.
ಅದಿಲ್ಲದಿದ್ದರೆ ನಾನು ಇನ್ನೂ
ಮದುವೆ ಮನೆಗೆ ಫೋನು ಮಾಡುತ್ತಿದ್ದೆ.
‘ಎರಡೂ ಇರಲಿ,’ ಅಂದೆ. ‘ಜೊತೆಗೊಂದು ನೂರು ಪುಟದ ನೋಟ್‌ಬುಕ್ಕು.’
ನೋಟ್‌ಬುಕ್ಕಿಗೆ ಮಾತ್ರ ಬಿಲ್ಲು ಕೇಳಿದರು.

ಬಟವಾಡೆಯ ಹಿಂದಿನ ಸಂಜೆ, ಟಿಕ್ಕು ಹಸಿರಾದ ಮೇಲೆ,
ಕಣ್ಣು ಮುಚ್ಚಿ ಐದು ಸೊಸೈಟಿ ಆರಿಸುತ್ತೇನೆ.
ಆರನೆಯದು ಗುಡ್ಡೇನಹಳ್ಳಿ, ಅದು ಕಣ್ಣು ತೆರೆದೇ.
ಇಂಗ್ಲಿಷ್ ಅಂಕಿ ಒತ್ತಿ ಅನ್ನಬಹುದಿತ್ತು ಆಕೆಗೆ. ಅನ್ನಲಿಲ್ಲ.

‘ಕೆಂಪಾಜಮ್ಮಾ, ಬೆಳಿಗ್ಗೆದು ಎಷ್ಟು?’
ಆ ಕಡೆ ಕ್ಯಾನು ತೊಳೆಯುವ ಸದ್ದು.
‘ಇರವ್ವ, ಕನ್ನಡಕ ಹುಡುಕ್ತಾ ಇದೀನಿ.’